ಒಂದೇ ಮಿದುಳಿಗೆ ಎರಡು ಚಿಕಿತ್ಸೆ

ಖಿನ್ನತೆಗೆ ಟಿಎಂಎಸ್, ಅಂದರೆ ಕಾಂತಕ್ಷೇತ್ರದಿಂದ ಮಿದುಳನ್ನು ಪ್ರಚೋದಿಸುವ ಚಿಕಿತ್ಸೆ, ಪಡೆಯಲು ಬಂದವರನ್ನು ಮೊದಲ ದಿನ ಕುರ್ಚಿಯಲ್ಲಿ ಕೂರಿಸಿ, ಬಲಗೈಯನ್ನು ಸಡಿಲಬಿಟ್ಟು ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳುತ್ತಾರೆ. ಎಂಟರ ಅಂಕಿಯ ಆಕಾರದ ತಾಮ್ರದ ಸುರುಳಿಯನ್ನು ತಲೆಯ ಎಡಭಾಗಕ್ಕೆ ಆನಿಸಿ ಗುಂಡಿ ಒತ್ತುತ್ತಾರೆ. ಟಪ್ ಎಂದು ಸದ್ದಾಗುತ್ತದೆ. ಸುರುಳಿಯನ್ನು ಅತ್ತಿತ್ತ ಸರಿಸುತ್ತ, ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದರೆ ಒಂದು ಹಂತದಲ್ಲಿ ರೋಗಿಯ ಇಚ್ಛೆಯನ್ನು ಕೇಳದೆಯೇ ಅವರ ಬಲಗೈ ಹೆಬ್ಬೆರಳು ಮಿಡುಕುತ್ತದೆ. ಹತ್ತು ಸಲ ಹೊಡೆದರೆ ಐದು ಸಲವಾದರೂ ಬೆರಳು ಅಲುಗಬೇಕು. ಅದಕ್ಕೆ ಬೇಕಾಗುವ ಕನಿಷ್ಠ ಶಕ್ತಿಯೇ ಆ ವ್ಯಕ್ತಿಯ ಅಳತೆ. ವೈದ್ಯರು ಅದನ್ನು ಮೋಟಾರ್ ಥ್ರೆಶೋಲ್ಡ್ ಎನ್ನುತ್ತಾರೆ. ನಾವಿಲ್ಲಿ ಚಲನೆಯ ಹೊಸ್ತಿಲು ಎನ್ನೋಣ. ಆಮೇಲೆ ಸುರುಳಿಯನ್ನು ಹಣೆಯ ಕಡೆಗೆ ಸರಿಸಿ, ಸಾಮಾನ್ಯವಾಗಿ ಈ ಹೊಸ್ತಿಲಿನ 120 ಪ್ರತಿಶತದಷ್ಟು ಶಕ್ತಿಯಲ್ಲಿ ಚಿಕಿತ್ಸೆ ನಡೆಯುತ್ತದೆ.

ಇದರ ಹಿಂದಿನ ಭೌತವಿಜ್ಞಾನ ಹಳೆಯದು. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿದ್ದ. ಅದೇ ತತ್ತ್ವದಿಂದ ತಲೆಬುರುಡೆಯನ್ನು ತೆರೆಯದೆ, ನೋವಾಗದಂತೆ ಮಿದುಳಿನ ಹೊರಪದರವನ್ನು ಚುರುಕುಗೊಳಿಸಬಹುದೆಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ತೋರಿಸಿದರು. ಹತ್ತು ವರ್ಷದೊಳಗೆ ಖಿನ್ನತೆಯ ಮೇಲೆ ಪ್ರಯೋಗಗಳು ಶುರುವಾದವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಮೊದಲ ಯಂತ್ರಕ್ಕೆ ಅನುಮತಿ ಕೊಟ್ಟಿತು.

ಆ ಅನುಮತಿಗೆ ಆಧಾರವಾದ ಮುಖ್ಯ ಪ್ರಯೋಗದ ಒಂದು ವಿವರವನ್ನು ಓದುಗರು ಗಮನಿಸಬೇಕು. ಜಾನ್ ಓರಿಯರ್ಡನ್ ಮುಂದಾಳತ್ವದ ಆ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ 301 ರೋಗಿಗಳು ಖಿನ್ನತೆಯ ಮಾತ್ರೆಗಳನ್ನು ನಿಲ್ಲಿಸಿ ಬಂದಿದ್ದರು. ಯಂತ್ರದ ಪರಿಣಾಮ ಯಾವುದು, ಮಾತ್ರೆಯ ಪರಿಣಾಮ ಯಾವುದು ಎಂದು ಬೇರ್ಪಡಿಸಿ ನೋಡಲು ಅದು ಅಗತ್ಯವೇ ಆಗಿತ್ತು. ಆದರೆ ಆಸ್ಪತ್ರೆಗೆ ನಿಜವಾಗಿ ಬರುವ ರೋಗಿ ಹಾಗಿರುವುದಿಲ್ಲ. ಎರಡು ಮೂರು ಔಷಧಗಳು ಸರಿಯಾಗಿ ಕೆಲಸ ಮಾಡಲಿಲ್ಲವೆಂದೇ ಅವರು ಟಿಎಂಎಸ್‌ಗೆ ಬಂದಿರುತ್ತಾರೆ, ಆ ಔಷಧಗಳಲ್ಲಿ ಕೆಲವು ಇನ್ನೂ ನಡೆಯುತ್ತಿರುತ್ತವೆ. ಖಿನ್ನತೆಗೊಂದು, ನಿದ್ರೆಗೊಂದು, ಮನಸ್ಸಿನ ಏರಿಳಿತಕ್ಕೊಂದು. ಮಾತ್ರೆಯಿಲ್ಲದ ಮಿದುಳಿನ ಮೇಲೆ ಪರೀಕ್ಷಿಸಿದ ಚಿಕಿತ್ಸೆ, ಮಾತ್ರೆ ತುಂಬಿದ ಮಿದುಳಿನ ಮೇಲೆ ಬಳಕೆಗೆ ಬಂತು. ಈ ಎರಡರ ನಡುವಿನ ಅಂತರವೇ ಈ ಅಧ್ಯಾಯದ ವಿಷಯ.

ಮತ್ತೆ ಹೆಬ್ಬೆರಳಿಗೆ ಬರೋಣ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಉಲ್ಫ್ ಸೀಮನ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ಆರೋಗ್ಯವಂತರಿಗೆ ಬೇರೆಬೇರೆ ಫಿಟ್ಸ್ ಔಷಧಗಳನ್ನು ಕೊಟ್ಟು, ಟಿಎಂಎಸ್‌ಗೆ ಅವರ ಸ್ನಾಯುಗಳು ಹೇಗೆ ಪ್ರತಿಕ್ರಿಯಿಸುತ್ತವೆ ಎಂದು ಅಳೆದರು. ಕಾರ್ಬಮಜೆಪಿನ್, ಲ್ಯಾಮೋಟ್ರಿಜಿನ್‌ನಂಥ ಔಷಧಗಳು ನರತಂತುವಿನಲ್ಲಿ ಸೋಡಿಯಂ ಹಾದುಹೋಗುವ ದಾರಿಗಳನ್ನು ಬಿಗಿಗೊಳಿಸುತ್ತವೆ. ಅವನ್ನು ನುಂಗಿದವರಲ್ಲಿ ಹೊಸ್ತಿಲು ಏರಿತು, ಅಂದರೆ ಬೆರಳು ಅಲುಗಲು ಮೊದಲಿಗಿಂತ ಹೆಚ್ಚು ಶಕ್ತಿ ಬೇಕಾಯಿತು. ಗ್ಯಾಬಾ ಎಂಬ ರಾಸಾಯನಿಕದ ಮೂಲಕ ಕೆಲಸ ಮಾಡುವ ಔಷಧಗಳ ಕಥೆ ಬೇರೆಯೇ ಆಗಿತ್ತು. ಅವು ಹೊಸ್ತಿಲನ್ನು ಬದಲಿಸಲಿಲ್ಲ. ಆದರೆ ಎರಡು ಮಿಡಿತಗಳನ್ನು ಕೆಲವೇ ಮಿಲಿಸೆಕೆಂಡುಗಳ ಅಂತರದಲ್ಲಿ ಕೊಟ್ಟು ನೋಡಿದಾಗ, ಹೊರಪದರದ ಒಳಗೇ ಒಂದು ನರಕೋಶ ಇನ್ನೊಂದನ್ನು ತಡೆಯುವ ಕ್ರಿಯೆ ಬಲಗೊಂಡಿದ್ದು ಕಂಡಿತು.

ಇದರ ಅರ್ಥ ರೋಗಿಯ ಪಾಲಿಗೆ ಸಣ್ಣದಲ್ಲ. ಮೊದಲ ಗುಂಪಿನ ಔಷಧ ತಾನಾಗಿಯೇ ತನ್ನ ಗುರುತು ಬಿಟ್ಟುಕೊಡುತ್ತದೆ. ಹೊಸ್ತಿಲು ಏರಿದರೆ ಯಂತ್ರದ ಶಕ್ತಿಯನ್ನೂ ಏರಿಸಬಹುದು. ಚಿಕಿತ್ಸೆಯ ನಡುವೆ ಅಂಥ ಔಷಧದ ಪ್ರಮಾಣ ಬದಲಾದರೆ ಹೊಸ್ತಿಲನ್ನು ಮತ್ತೆ ಅಳೆಯಬೇಕು ಎಂಬ ಪಾಠಕ್ಕೂ ಇದೇ ಮೂಲ. ಎರಡನೆಯ ಗುಂಪಿನ ಔಷಧ ಹೆಬ್ಬೆರಳಿನಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅಳತೆ ಸರಿಯಾಗಿದೆ, ಯಂತ್ರ ಸರಿಯಾಗಿದೆ, ಸುರುಳಿ ಸರಿಯಾದ ಜಾಗದಲ್ಲಿದೆ. ಆದರೂ ಮಿದುಳಿನ ಒಳಗಿನ ಸ್ಥಿತಿ ಬೇರೆಯಾಗಿರುತ್ತದೆ. ಅಂಥ ಔಷಧಗಳಲ್ಲಿ ನಮ್ಮ ನಡುವೆ ಅತಿ ಪರಿಚಿತವಾದವು ಬೆಂಜೊಡಯಜೆಪಿನ್ ಬಳಗದವು. ಅಲ್ಪ್ರಜೋಲಾಂ, ಕ್ಲೋನಜೆಪಾಂ, ಲೊರಾಜೆಪಾಂ, ಡಯಜೆಪಾಂ. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ‘ನಿದ್ರೆ ಮಾತ್ರೆ’ ಎಂದು ರಾತ್ರಿ ನುಂಗುವುದು ಹೆಚ್ಚಾಗಿ ಇವುಗಳಲ್ಲೊಂದನ್ನು.

ಟಿಎಂಎಸ್ ಹೊಡೆದ ಕ್ಷಣದಲ್ಲಿ ಆಗುವುದು ಚಿಕಿತ್ಸೆಯಲ್ಲ. ಆ ಕ್ಷಣ ನರಕೋಶಗಳು ಮಿಡಿಯುತ್ತವೆ, ಅಷ್ಟೆ. ದಿನದಿನವೂ ಸಾವಿರಾರು ಸಲ ಮಿಡಿದ ಕೋಶಗಳ ನಡುವಿನ ಸಂಪರ್ಕಗಳು ವಾರಗಳ ಅವಧಿಯಲ್ಲಿ ಬದಲಾಗುತ್ತವೆ, ಮನಸ್ಸು ಮೇಲೇಳುವುದು ಆ ಬದಲಾವಣೆಯಿಂದ ಎಂಬುದು ಇಂದಿನ ತಿಳಿವಳಿಕೆ. ಒಟ್ಟಿಗೆ ಪದೇಪದೇ ಮಿಡಿದ ನರಕೋಶಗಳ ಸಂಪರ್ಕ ಗಟ್ಟಿಯಾಗುತ್ತದೆ ಎಂದು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ಮೊಲದ ಮಿದುಳಿನಲ್ಲಿ ತೋರಿಸಿದ್ದರು. ಅಂಥ ಬದಲಾವಣೆಗೆ ಮಿದುಳು ಸಿದ್ಧವಿರಬೇಕು. ಹದಕ್ಕೆ ಬಾರದ ನೆಲದಲ್ಲಿ ಎಷ್ಟೇ ಒಳ್ಳೆಯ ಬೀಜ ಬಿತ್ತಿದರೂ ಮೊಳಕೆ ಕಡಿಮೆ. ಮಾತ್ರೆಗಳು ಮಾಡುವುದು ಮುಖ್ಯವಾಗಿ ಆ ಹದವನ್ನು ಬದಲಿಸುವ ಕೆಲಸ. ಗ್ಯಾಬಾದ ತಡೆಯನ್ನು ಹೆಚ್ಚಿಸುವ ಮಾತ್ರೆ ಹೊಟ್ಟೆಯಲ್ಲಿದ್ದಾಗ ಸಂಪರ್ಕ ಗಟ್ಟಿಯಾಗುವ ಕ್ರಿಯೆ ಮಂದವಾಗಬಹುದು ಎಂಬ ಅನುಮಾನ ಪ್ರಯೋಗಾಲಯದಲ್ಲಿ ಮೊದಲು ಹುಟ್ಟಿತು. ರೋಗಿಗಳ ಅಂಕಿಅಂಶ ಬಂದದ್ದು ಆಮೇಲೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದಲ್ಲಿ ಐಮೀ ಹಂಟರ್, ಆಂಡ್ರ್ಯೂ ಲಾಯ್ಕ್ಟರ್ ಮತ್ತು ಇತರರು ಟಿಎಂಎಸ್ ಪಡೆದ 181 ರೋಗಿಗಳ ದಾಖಲೆಗಳನ್ನು ಕೂಲಂಕಷವಾಗಿ ನೋಡಿ 2019ರಲ್ಲಿ ಪ್ರಕಟಿಸಿದರು. ಬೆಂಜೊಡಯಜೆಪಿನ್ ಸೇವಿಸುತ್ತಿದ್ದವರಲ್ಲಿ ಫಲ ಕಡಿಮೆ. ಎಚ್ಚರವನ್ನು, ಏಕಾಗ್ರತೆಯನ್ನು ಹೆಚ್ಚಿಸುವ ಉತ್ತೇಜಕ ಔಷಧ ಸೇವಿಸುತ್ತಿದ್ದವರಲ್ಲಿ ಫಲ ಹೆಚ್ಚು. ಅದೇ ಹೊತ್ತಿಗೆ ಕೆನಡಾದಿಂದ ಇನ್ನೊಂದು ವರದಿ ಬಂತು. ಅಲ್ಲಿ ಥ್ರೀ-ಡಿ ಎಂಬ ದೊಡ್ಡ ಪ್ರಯೋಗ ಮುಗಿದಿತ್ತು. ಮೂವತ್ತೇಳೂವರೆ ನಿಮಿಷದ ಹಳೆಯ ಚಿಕಿತ್ಸೆಗೆ ಮೂರು ನಿಮಿಷದ ಹೊಸ ಚಿಕಿತ್ಸೆ ಕಡಿಮೆಯೇನಲ್ಲ ಎಂದು ತೋರಿಸಿದ ಪ್ರಯೋಗ ಅದು. ಅದರ ರೋಗಿಗಳು ಯಾರು ಬೇಗ ಚೇತರಿಸಿಕೊಂಡರು, ಯಾರು ನಿಧಾನ, ಯಾರು ಚೇತರಿಸಿಕೊಳ್ಳಲೇ ಇಲ್ಲ ಎಂದು ವಿಂಗಡಿಸಿದಾಗ, ಬೇಗ ಚೇತರಿಸಿಕೊಂಡವರ ಗುಂಪಿನ ಲಕ್ಷಣಗಳಲ್ಲಿ ಒಂದು, ಅವರು ಬೆಂಜೊಡಯಜೆಪಿನ್ ಸೇವಿಸದಿರುವುದು. ಜರ್ಮನಿಯ ರೇಗನ್ಸ್‌ಬುರ್ಗ್‌ನಿಂದ ಬಂದ ವರದಿ ಮನೋವಿಕೃತಿಗೆ ಕೊಡುವ ಔಷಧಗಳ ಕಡೆಗೂ ಬೊಟ್ಟು ಮಾಡಿತು. ಡೋಪಮಿನ್ ಎಂಬ ರಾಸಾಯನಿಕವನ್ನು ತಡೆಯುವ ಆ ಔಷಧಗಳು ಪಟ್ಟಿಯಲ್ಲಿದ್ದವರಲ್ಲೂ ಟಿಎಂಎಸ್‌ನ ಫಲ ತಗ್ಗಿತ್ತು. ಉತ್ತೇಜಕ ಔಷಧಗಳು ಡೋಪಮಿನ್ ಕೆಲಸವನ್ನು ಹೆಚ್ಚಿಸುತ್ತವೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ದಿಕ್ಕಿಗೆ ಹೋಗುತ್ತವೆ.

ಇಲ್ಲಿ ನಿಲ್ಲಬೇಕು. ಈ ವರದಿಗಳನ್ನು ಓದಿ ‘ನಿದ್ರೆ ಮಾತ್ರೆ ಟಿಎಂಎಸ್ ಅನ್ನು ಕೆಡಿಸುತ್ತದೆ’ ಎಂದು ತೀರ್ಮಾನಕ್ಕೆ ಹಾರುವುದು ಸುಲಭ, ಮತ್ತು ಅದು ಅವಸರ. ಅಲ್ಪ್ರಜೋಲಾಂ ಯಾರಿಗೆ ಕೊಡುತ್ತಾರೆ? ಖಿನ್ನತೆಯ ಜೊತೆ ತೀವ್ರ ಆತಂಕ ಇರುವವರಿಗೆ, ರಾತ್ರಿಯೆಲ್ಲ ಎದೆ ಡವಗುಟ್ಟುವವರಿಗೆ, ವರ್ಷಗಟ್ಟಲೆ ನಿದ್ರೆ ಕಳೆದುಕೊಂಡವರಿಗೆ. ಇಂಥ ಖಿನ್ನತೆ ಯಾವ ಚಿಕಿತ್ಸೆಗೂ ಸುಲಭವಾಗಿ ಮಣಿಯುವುದಿಲ್ಲ. ಹಾಗಾದರೆ ಫಲ ಕಡಿಮೆಯಾದದ್ದು ಮಾತ್ರೆಯಿಂದಲೋ, ಮಾತ್ರೆಯನ್ನು ಬೇಡಿದ ಆತಂಕದಿಂದಲೋ? ಸಂಶೋಧಕರು ಲೆಕ್ಕಾಚಾರದಲ್ಲಿ ಆತಂಕದ ತೀವ್ರತೆಯನ್ನು ಸರಿದೂಗಿಸಲು ನೋಡುತ್ತಾರೆ, ಆದರೆ ಕಾಗದದ ಮೇಲಿನ ಅಂಕಗಳು ಒಬ್ಬ ಮನುಷ್ಯನ ಆತಂಕವನ್ನು ಪೂರ್ತಿ ಹಿಡಿಯಲಾರವು. ಕೆಲವು ಅಧ್ಯಯನಗಳಲ್ಲಿ ಬೆಂಜೊಡಯಜೆಪಿನ್ ಸೇವಿಸುವವರಿಗೂ ಸೇವಿಸದವರಿಗೂ ವ್ಯತ್ಯಾಸವೇ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಖಚಿತ ಉತ್ತರ ಬೇಕಿದ್ದರೆ ಚೀಟಿ ಎತ್ತಿದಂತೆ ಅರ್ಧ ಜನರಿಗೆ ಮಾತ್ರೆ ಮುಂದುವರಿಸಿ, ಇನ್ನರ್ಧ ಜನರಿಗೆ ನಿಲ್ಲಿಸಿ ನೋಡಬೇಕು. ವರ್ಷಗಳಿಂದ ರೂಢಿಯಾದ ಮಾತ್ರೆಯನ್ನು ನಿಲ್ಲಿಸುವುದು ವಾರಗಳ, ಕೆಲವೊಮ್ಮೆ ತಿಂಗಳುಗಳ ಕೆಲಸ. ತೀವ್ರ ಖಿನ್ನತೆಯಲ್ಲಿರುವವರನ್ನು ಅದಕ್ಕೆ ಒಡ್ಡುವುದು ಹಗುರವಾದ ನಿರ್ಧಾರವಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಪ್ರಯೋಗಾಲಯದ ತರ್ಕ ಮತ್ತು ರೋಗಿಗಳ ದಾಖಲೆ ಒಂದೇ ಕಡೆ ವಾಲಿರುವುದರಿಂದ ಅನುಮಾನಕ್ಕೆ ಬಲವಿದೆ, ಆದರೆ ತೀರ್ಪು ಬರೆಯುವಷ್ಟಲ್ಲ.

ಹದ ಕೆಡಿಸುವ ಔಷಧ ಇರಬಹುದಾದರೆ ಹದ ತರುವ ಔಷಧವೂ ಇರಬೇಕಲ್ಲ? ಈ ಪ್ರಶ್ನೆ ನಮ್ಮನ್ನು ಕ್ಷಯರೋಗದ ಕಡೆಗೆ ಕರೆದೊಯ್ಯುತ್ತದೆ.

1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಐಪ್ರೊನಯಜಿಡ್ ಎಂಬ ಹೊಸ ಟಿಬಿ ಔಷಧ ಪಡೆದ ರೋಗಿಗಳು ಕಾಯಿಲೆಯ ಪ್ರಮಾಣಕ್ಕೆ ಮೀರಿ ಉಲ್ಲಾಸಗೊಂಡರು. ಖಿನ್ನತೆಗೆ ಔಷಧವಿದೆ ಎಂಬ ಕಲ್ಪನೆ ಹುಟ್ಟಲು ಆ ವಾರ್ಡುಗಳೂ ಒಂದು ಕಾರಣ. ಅದೇ ದಶಕದ ಕೊನೆಗೆ ಜಾರ್ಜ್ ಕ್ರೇನ್ ಎಂಬ ವೈದ್ಯ ಇನ್ನೊಂದು ಟಿಬಿ ಔಷಧ ಸೈಕ್ಲೊಸೆರಿನ್ ಬಗ್ಗೆಯೂ ಅಂಥದ್ದೇ ಮಾತು ಬರೆದ. ನಂತರ ಅದು ಹೆಚ್ಚುಕಡಿಮೆ ಮರೆತೇಹೋಯಿತು. ನಮ್ಮಲ್ಲಿ ಸೈಕ್ಲೊಸೆರಿನ್ ಎಂದರೆ ಸಾಮಾನ್ಯ ಔಷಧಗಳಿಗೆ ಬಗ್ಗದ ಹಟಮಾರಿ ಟಿಬಿಗೆ ಕೊಡುವ ಮಾತ್ರೆ.

ಎಷ್ಟೋ ವರ್ಷಗಳ ಮೇಲೆ ನರವಿಜ್ಞಾನಿಗಳು ಅದನ್ನು ಮತ್ತೆ ಕೈಗೆತ್ತಿಕೊಂಡದ್ದು ಬೇರೆ ಕಾರಣಕ್ಕೆ. ನರಕೋಶಗಳ ಸಂಪರ್ಕ ಗಟ್ಟಿಯಾಗಲು ಎನ್‌ಎಂಡಿಎ ಎಂಬ ಗ್ರಾಹಿಯ ನೆರವು ಬೇಕು. ಲಂಡನ್ನಿನಲ್ಲಿ ಯಿಂಗ್-ಜು ಹುವಾಂಗ್, ಜಾನ್ ರಾಥ್‌ವೆಲ್ ಮತ್ತು ಇತರರು 2005ರಲ್ಲಿ ಥೀಟಾ ಬರ್ಸ್ಟ್ ಎಂಬ ಚುಟುಕು ವಿಧಾನವನ್ನು ರೂಪಿಸಿದ್ದರು. ಮೇಲೆ ಹೇಳಿದ ಮೂರು ನಿಮಿಷದ ಚಿಕಿತ್ಸೆ ಅದರಿಂದ ಬಂದದ್ದು. ಎರಡು ವರ್ಷದ ಬಳಿಕ ಅವರೇ ಆರೋಗ್ಯವಂತರಿಗೆ ಮೆಮಾಂಟಿನ್ ಎಂಬ, ಎನ್‌ಎಂಡಿಎ ಗ್ರಾಹಿಯನ್ನು ತಡೆಯುವ ಮಾತ್ರೆ ಕೊಟ್ಟು ಥೀಟಾ ಬರ್ಸ್ಟ್ ಮಾಡಿದರು. ಯಂತ್ರ ಬಡಿಯಿತು, ಆದರೆ ಬಡಿತ ನಿಂತ ಮೇಲೆ ಉಳಿಯಬೇಕಿದ್ದ ಪರಿಣಾಮ ಉಳಿಯಲಿಲ್ಲ. ಒಂದು ಮಾತ್ರೆ ಯಂತ್ರದ ಕೆಲಸವನ್ನು ಸಂಪೂರ್ಣ ಅಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ. ಸೈಕ್ಲೊಸೆರಿನ್ ಸಣ್ಣ ಪ್ರಮಾಣದಲ್ಲಿ ಇದೇ ಗ್ರಾಹಿಗೆ ಅಂಟಿಕೊಂಡು ಅದರ ಕೆಲಸಕ್ಕೆ ಸ್ವಲ್ಪ ಒತ್ತಾಸೆ ಕೊಡುತ್ತದೆ.

ಕೆನಡಾದ ಕ್ಯಾಲ್ಗರಿಯಲ್ಲಿ ಅಲೆಕ್ಸಾಂಡರ್ ಮೆಕ್‌ಗರ್ ತಂಡ ಇದನ್ನು ರೋಗಿಗಳಲ್ಲಿ ಪರೀಕ್ಷಿಸಿತು. ಐವತ್ತು ಮಂದಿ, ಎಲ್ಲರಿಗೂ ನಾಲ್ಕು ವಾರ ಥೀಟಾ ಬರ್ಸ್ಟ್. ಮೊದಲ ಎರಡು ವಾರ ಅರ್ಧ ಜನರಿಗೆ 100 ಮಿಲಿಗ್ರಾಂ ಸೈಕ್ಲೊಸೆರಿನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಸೈಕ್ಲೊಸೆರಿನ್ ಪಡೆದವರ ಪೈಕಿ 73.9 ಪ್ರತಿಶತ ಮಂದಿಯ ಖಿನ್ನತೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಹುಸಿ ಮಾತ್ರೆಯವರಲ್ಲಿ 29.3 ಪ್ರತಿಶತ. ಖಿನ್ನತೆಯಿಂದ ಹೆಚ್ಚುಕಡಿಮೆ ಪೂರ್ತಿ ಹೊರಬಂದವರು 39.1 ಪ್ರತಿಶತ ಮತ್ತು 4.2 ಪ್ರತಿಶತ. ಐವತ್ತು ಜನರ ಪ್ರಯೋಗ ಚಿಕ್ಕದು, ಇಂಥ ಚಿಕ್ಕ ಪ್ರಯೋಗಗಳ ದೊಡ್ಡ ಅಂತರಗಳು ದೊಡ್ಡ ಪ್ರಯೋಗಗಳಲ್ಲಿ ಕುಗ್ಗುವುದನ್ನು ವೈದ್ಯಕೀಯ ಬಹಳ ಸಲ ಕಂಡಿದೆ. ಆದರೂ ಇದು ನನಗೆ ಬಹಳ ಮುಖ್ಯವೆನಿಸುವುದು ಒಂದು ಕಾರಣಕ್ಕೆ: ಮಾತ್ರೆ ಸೋತ ಮೇಲೆ ಯಂತ್ರ, ಯಂತ್ರ ಸೋತರೆ ಇನ್ನೊಂದು ಎನ್ನುವ ಸರದಿಯನ್ನು ಇದು ಮುರಿಯುತ್ತದೆ. ಯಂತ್ರಕ್ಕಾಗಿಯೇ ಮಾತ್ರೆಯನ್ನು ಆರಿಸುವ ಮೊದಲ ಗಂಭೀರ ಪ್ರಯತ್ನಗಳಲ್ಲಿ ಇದೊಂದು.

ಯಾರೂ ಇದನ್ನು ಓದಿ ಸೈಕ್ಲೊಸೆರಿನ್ ಹುಡುಕಿಕೊಂಡು ಹೋಗಬಾರದು. ಟಿಬಿಗೆ ಕೊಡುವ ಹೆಚ್ಚಿನ ಪ್ರಮಾಣದಲ್ಲಿ ಅದೇ ಔಷಧ ಕೆಲವರಲ್ಲಿ ಖಿನ್ನತೆ, ಭ್ರಮೆ, ಫಿಟ್ಸ್ ತರುತ್ತದೆ. ಭಾರತದಲ್ಲಿ ಅದು ಎಚ್-1 ಪಟ್ಟಿಯಲ್ಲಿದೆ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ದಾಖಲಿಸಬೇಕು. ಅಲ್ಪ್ರಜೋಲಾಂ ಕೂಡ ಅದೇ ಪಟ್ಟಿಯಲ್ಲಿದೆ.

ಖಿನ್ನತೆಗೆಂದೇ ಕೊಡುವ ಮಾತ್ರೆಗಳ ವಿಷಯಕ್ಕೆ ಬಂದರೆ ಸುದ್ದಿ ಮಿಶ್ರವಾಗಿದೆ. ಟಿಡಿಸಿಎಸ್ ಎಂಬ ಇನ್ನೊಂದು ವಿಧಾನದಲ್ಲಿ ತಲೆಯ ಮೇಲೆ ಎರಡು ಒದ್ದೆ ಪಟ್ಟಿಗಳನ್ನಿಟ್ಟು ಎರಡು ಮಿಲಿಆಂಪಿಯರ್‌ನಷ್ಟು ಸಣ್ಣ ಕರೆಂಟು ಹರಿಸುತ್ತಾರೆ. ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಆಂಡ್ರೆ ಬ್ರೂನೊನಿ 2013ರಲ್ಲಿ 120 ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಟಿಡಿಸಿಎಸ್ ಮತ್ತು ಸರ್ಟ್ರಲಿನ್ ಮಾತ್ರೆಯನ್ನು ಒಟ್ಟಿಗೆ ಶುರುಮಾಡಿದವರಿಗೆ ಯಾವುದಾದರೂ ಒಂದನ್ನೇ ಪಡೆದವರಿಗಿಂತ ಹೆಚ್ಚು ಫಲ ಸಿಕ್ಕಿತು. ಹತ್ತು ವರ್ಷದ ಬಳಿಕ, 2023ರಲ್ಲಿ, ಜರ್ಮನಿಯಲ್ಲಿ ಇದೇ ಗುಂಪಿನ ಮಾತ್ರೆಗಳನ್ನು ಈಗಾಗಲೇ ಸೇವಿಸುತ್ತಿದ್ದ 160 ಮಂದಿಗೆ ಟಿಡಿಸಿಎಸ್ ಸೇರಿಸಿ ನೋಡಿದಾಗ, ಹುಸಿ ಚಿಕಿತ್ಸೆಗಿಂತ ಹೆಚ್ಚೇನೂ ದೊರೆಯಲಿಲ್ಲ. ಮಾತ್ರೆಯೂ ಕರೆಂಟೂ ಜೊತೆಜೊತೆಗೆ ಶುರುವಾಗುವುದಕ್ಕೂ, ಮಾತ್ರೆ ಸೋತ ಮೇಲೆ ಕರೆಂಟು ಬರುವುದಕ್ಕೂ ವ್ಯತ್ಯಾಸ ಇರಬಹುದು. ಪ್ರಯೋಗಗಳನ್ನು ಈ ಕಣ್ಣಿನಿಂದ ಮತ್ತೆ ವಿನ್ಯಾಸ ಮಾಡಬೇಕಾಗಿದೆ.

ಮಾತ್ರೆ ಮತ್ತು ಮಿದುಳಿನ ಪ್ರಚೋದನೆಯ ಜಗಳ ಅತ್ಯಂತ ಹಳೆಯದಾಗಿ, ಅತ್ಯಂತ ಸ್ಪಷ್ಟವಾಗಿ ಕಾಣುವುದು ಇಸಿಟಿಯಲ್ಲಿ. ಜನ ಅದನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. 1938ರಲ್ಲಿ ರೋಮ್‌ನಲ್ಲಿ ಶುರುವಾದ ಈ ಚಿಕಿತ್ಸೆಯ ಉದ್ದೇಶವೇ ಮಿದುಳಿನಲ್ಲಿ ನಿಯಂತ್ರಿತವಾದ ಫಿಟ್ಸ್ ತರುವುದು. ಫಿಟ್ಸ್ ತಡೆಯುವ ಮಾತ್ರೆ ಹೊಟ್ಟೆಯಲ್ಲಿದ್ದರೆ ಚಿಕಿತ್ಸೆ ತನ್ನ ಗುರಿಗೇ ಎದುರಾಗುತ್ತದೆ. ಬೆಂಜೊಡಯಜೆಪಿನ್ ಫಿಟ್ಸ್ ಅನ್ನು ಕಡಿಮೆ ಮಾಡುವ ಔಷಧವೂ ಹೌದು, ಆದ್ದರಿಂದ ಇಸಿಟಿಗೆ ಮೊದಲು ಅದನ್ನು ತಗ್ಗಿಸುತ್ತಾರೆ ಅಥವಾ ಹಿಂದಿನ ರಾತ್ರಿ ತಪ್ಪಿಸುತ್ತಾರೆ. ಅದು ಸಾಧ್ಯವಾಗದಿದ್ದರೆ ಪರಿಣಾಮವನ್ನು ತಾತ್ಕಾಲಿಕವಾಗಿ ತೆಗೆದುಹಾಕುವ ಫ್ಲುಮಜೆನಿಲ್ ಚುಚ್ಚುಮದ್ದೂ ಇದೆ. ಲಿಥಿಯಂ ಜೊತೆಗಿದ್ದರೆ ಚಿಕಿತ್ಸೆಯ ಬಳಿಕ ಗೊಂದಲ ಹೆಚ್ಚಬಹುದೆಂದು ಎಚ್ಚರ ವಹಿಸುತ್ತಾರೆ. ಬೈಪೋಲಾರ್ ಕಾಯಿಲೆ ಇರುವವರಿಗೆ ಮನಸ್ಸಿನ ಏರಿಳಿತ ತಡೆಯಲು ಫಿಟ್ಸ್ ಔಷಧಗಳನ್ನೇ ಕೊಡುವುದರಿಂದ ಇಕ್ಕಟ್ಟು ದೊಡ್ಡದು. ಪೂರ್ತಿ ಮುಂದುವರಿಸುವುದೇ, ಅರ್ಧಕ್ಕೆ ಇಳಿಸುವುದೇ, ನಿಲ್ಲಿಸುವುದೇ? ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯರು ಈ ಮೂರೂ ದಾರಿಗಳನ್ನು ಹೋಲಿಸುವ ಪ್ರಯೋಗವನ್ನೇ ಮಾಡಿದ್ದಾರೆ.

ಟಿಎಂಎಸ್‌ನಲ್ಲಿ ಫಿಟ್ಸ್ ಬೇಡದ ಅಪಾಯ, ಮತ್ತು ಅದು ಬಹಳ ಅಪರೂಪ. ನಿಯಮ ಪಾಲಿಸಿದರೆ ಹತ್ತು ಸಾವಿರ ಸಲಕ್ಕೆ ಒಂದಕ್ಕಿಂತಲೂ ಕಡಿಮೆ. ಬುಪ್ರೊಪಿಯಾನ್, ಕ್ಲೋಜಪಿನ್‌ನಂಥ ಔಷಧಗಳು ತಾವಾಗಿಯೇ ಫಿಟ್ಸ್ ಸಾಧ್ಯತೆಯನ್ನು ಸ್ವಲ್ಪ ಹೆಚ್ಚಿಸುವುದರಿಂದ ವೈದ್ಯರು ಅವುಗಳ ಬಗ್ಗೆ ವಿಚಾರಿಸುತ್ತಾರೆ. ಆದರೆ ನಿಜವಾಗಿ ಹೆಚ್ಚು ಹೆದರಬೇಕಾದದ್ದು ಹಠಾತ್ತನೆ ನಿಲ್ಲಿಸಿದ ಮಾತ್ರೆಗೆ, ಹಠಾತ್ತನೆ ಬಿಟ್ಟ ಕುಡಿತಕ್ಕೆ. ವರ್ಷಗಳಿಂದ ಅಲ್ಪ್ರಜೋಲಾಂ ನುಂಗುತ್ತಿದ್ದವರು ‘ಇದು ಟಿಎಂಎಸ್‌ಗೆ ಅಡ್ಡಿಯಂತೆ’ ಎಂದು ಕೇಳಿ ಒಂದೇ ರಾತ್ರಿ ನಿಲ್ಲಿಸಿದರೆ ಯಂತ್ರದ ಹತ್ತಿರ ಹೋಗುವ ಮೊದಲೇ ಫಿಟ್ಸ್ ಬರಬಹುದು. ಈ ಅಧ್ಯಾಯವನ್ನು ಓದಿದವರೊಬ್ಬರೂ ಹಾಗೆ ಮಾಡಬಾರದೆಂಬುದು ನನ್ನ ಕಳಕಳಿಯ ವಿನಂತಿ.

ನಿಮಗೋ ನಿಮ್ಮ ಮನೆಯವರಿಗೋ ಇಂಥ ಚಿಕಿತ್ಸೆಯ ಸಲಹೆ ಬಂದಿದ್ದರೆ, ಎಲ್ಲ ಚೀಟಿಗಳನ್ನೂ ಎಲ್ಲ ಮಾತ್ರೆಯ ಹಾಳೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬೇರೆ ವೈದ್ಯರು ಬಿಪಿಗೆ, ಮೈಗ್ರೇನ್‌ಗೆ, ಕೆಮ್ಮಿಗೆ ಬರೆದದ್ದೂ ಇರಲಿ. ಕೆಮ್ಮಿನ ಅನೇಕ ಸಿರಪ್‌ಗಳಲ್ಲಿರುವ ಡೆಕ್ಸ್‌ಟ್ರೊಮೆಥಾರ್ಫಾನ್ ಕೂಡ ಎನ್‌ಎಂಡಿಎ ಗ್ರಾಹಿಯನ್ನು ತಡೆಯುವ ಔಷಧವೇ. ಪಕ್ಕದ ಅಂಗಡಿಯಿಂದ ಕೇಳಿ ತಂದ ನಿದ್ರೆ ಮಾತ್ರೆಯನ್ನೂ, ರಾತ್ರಿಯ ಕುಡಿತವನ್ನೂ ನಾಚಿಕೆಯಿಲ್ಲದೆ ಹೇಳಿ. ಚಿಕಿತ್ಸೆ ನಡೆಯುವ ನಾಲ್ಕರಿಂದ ಆರು ವಾರ ಯಾವ ಮಾತ್ರೆಯ ಪ್ರಮಾಣವನ್ನು ಯಾರೇ ಬದಲಿಸಿದರೂ, ಮರುದಿನ ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ತಿಳಿಸಿ, ಹೊಸ್ತಿಲನ್ನು ಮತ್ತೆ ಅಳೆಯಬೇಕೇ ಎಂದು ಕೇಳಿ.